ಮೊಂಡು ಬೆರಳು, ಮೂರು ಸ್ವರ

ಹೋದ ತಿಂಗಳು ನಮ್ಮ ಬಳಗದ ಶನಿವಾರದ ಕೂಟದಲ್ಲಿ ‘ಕೃತಿ ಕಟ್ಟುವ ಬಗೆ’ ಎಂಬ ವಿಷಯವಿತ್ತು. ಒಬ್ಬರು ನಾಟಕದ ತಾಲೀಮಿನ ಕುರಿತು, ಇನ್ನೊಬ್ಬರು ಸಣ್ಣಕತೆಯ ಕುರಿತು ಪ್ರಬಂಧ ಓದಿದರು. ನನ್ನ ಸರದಿ ಬಂದಾಗ ಡೂಮ್ ಮೆಟಲ್ ಎಂಬ ಸಂಗೀತದ ಬಗ್ಗೆ ಹೇಳ್ತೀನಿ ಎಂದೆ. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ಹಿಂದಿನ ಸಾಲಿನಿಂದ, “ಅದು ಸಂಗೀತವಾ ಮಾರಾಯ, ತಗಡಿನ ಶೆಡ್ಡಿನ ಸದ್ದಾ?” ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ತಾನು ತಮಾಷೆಗೆ ಆಡಿದ ಮಾತು ಎಷ್ಟು ನಿಜ ಎಂಬುದು ಆ ಗೆಳೆಯನಿಗೆ ಗೊತ್ತಿರಲಿಲ್ಲ. ಈ ಸಂಗೀತದ ಬೇರು ಇರುವುದೇ ಒಂದು ತಗಡಿನ ಕಾರ್ಖಾನೆಯಲ್ಲಿ. ಅಂದು ಗದ್ದಲದಲ್ಲಿ ಹೇಳಲಾಗದೆ ಉಳಿದದ್ದನ್ನು ಸಂಪಾದಕರ ಒತ್ತಾಯಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ‘ಡೂಮ್’ ಎಂಬುದಕ್ಕೆ ಕನ್ನಡದಲ್ಲಿ ಏನನ್ನೋಣ? ವಿನಾಶ ಎಂದರೆ ಅದು ಥಟ್ಟನೆ ಆಗಿ ಮುಗಿದುಹೋಗುವಂಥದು. ‘ಕೇಡುಗಾಲ’ ಎಂದರೆ ಸ್ವಲ್ಪ ಹತ್ತಿರ ಬರುತ್ತದೆ, ಯಾಕೆಂದರೆ ಅದರಲ್ಲಿ ಕಾಲ ಇದೆ, ಕಾಯುವುದು ಇದೆ. ಈ ಸಂಗೀತದ ಜೀವವೂ ಅದರ ನಿಧಾನದಲ್ಲೇ ಇದೆ. ಲಯ ವಿಳಂಬ, ಶ್ರುತಿ ತಗ್ಗು, ಒಂದೊಂದು ಸ್ವರವೂ ಕಲ್ಲುಚಪ್ಪಡಿ ಎಳೆದಂತೆ. ಈ ಪ್ರಕಾರಕ್ಕೆ ಹೆಸರು ಗಟ್ಟಿಯಾದದ್ದು 1980ರ ದಶಕದಲ್ಲಿ. 1986ರಲ್ಲಿ ಸ್ವೀಡನ್ನಿನ ಕ್ಯಾಂಡಲ್‌ಮಾಸ್ ಎಂಬ ತಂಡ ತನ್ನ ಮೊದಲ ಆಲ್ಬಮ್ಮಿಗೆ ‘ಎಪಿಕಸ್ ಡೂಮಿಕಸ್ ಮೆಟಾಲಿಕಸ್’ ಎಂದು ಹುಸಿ ಲ್ಯಾಟಿನ್ ಹೆಸರಿಟ್ಟಿತು. ಆದರೆ ಆ ತಂಡದವರೂ, ಅಮೆರಿಕದ ಸೇಂಟ್ ವೈಟಸ್, ಟ್ರಬಲ್ ತಂಡದವರೂ ಬೆರಳು ತೋರಿಸುವುದು ಒಂದೇ ಕಡೆಗೆ: ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ನಾಲ್ವರು ಹುಡುಗರ ಕಡೆಗೆ. ಅವರ ತಂಡ ಬ್ಲ್ಯಾಕ್ ಸಬಾತ್. ಮುಂದೆ ಅದು ಲೋಕಪ್ರಸಿದ್ಧವಾಯಿತು, ನಿಜ. ಆದರೆ ನಾನು ಹೇಳಹೊರಟದ್ದು 1968-69ರ ಮಾತು. ಆಗ ಅದು ಊರಿನ ನೂರಾರು ತಂಡಗಳಲ್ಲಿ ಒಂದು ಪುಟ್ಟ ತಂಡವಷ್ಟೆ.

ನಾಲ್ವರೂ ಆಸ್ಟನ್ ಎಂಬ ಬಡಾವಣೆಯವರು. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದ ಜಾಗಗಳು ಇವರು ಹುಡುಗರಾಗಿದ್ದಾಗಲೂ ಹಾಗೇ ಬಿದ್ದಿದ್ದವಂತೆ. ಸುತ್ತ ಲೋಹದ ಕಾರ್ಖಾನೆಗಳು. ಶಾಲೆ ಬಿಟ್ಟರೆ ಕಾರ್ಖಾನೆ. ಮೂರನೆಯ ದಾರಿ ಕಡಿಮೆ. ಹಾಡುಗಾರ ಆಜಿ ಆಸ್ಬರ್ನ್ ಕಾರಿನ ಹಾರನ್ನುಗಳ ಶ್ರುತಿ ಹೊಂದಿಸುವ ಕೆಲಸ ಮಾಡಿದ್ದ, ಕಸಾಯಿಖಾನೆಯಲ್ಲೂ ದುಡಿದಿದ್ದ. ಗಿಟಾರಿನ ಟೋನಿ ಅಯೋಮಿ ತಗಡಿನ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದ.

ಅಯೋಮಿಗೆ ಆಗ ಹದಿನೇಳು ವರ್ಷ, 1965. ಒಂದು ತಂಡದೊಂದಿಗೆ ಜರ್ಮನಿಗೆ ಹೋಗುವುದು ಗೊತ್ತಾಗಿತ್ತು. ಕಾರ್ಖಾನೆಯಲ್ಲಿ ಅಂದು ಅವನ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು, ಇನ್ನು ಹೋಗೋದಿಲ್ಲ ಎಂದನಂತೆ. ತಾಯಿ ಬಿಡಲಿಲ್ಲ, ಹಿಡಿದ ಕೆಲಸ ಸರಿಯಾಗಿ ಮುಗಿಸಿ ಬಾ ಎಂದಳು. ಅಂದು ಪ್ರೆಸ್ಸಿನ ಮೇಲೆ ಕೂರುವ ಕೆಲಸಗಾರ ಬಂದಿರಲಿಲ್ಲ. ರೂಢಿಯಿಲ್ಲದ ಇವನನ್ನು ಅಲ್ಲಿ ಕೂರಿಸಿದರು. ಪ್ರೆಸ್ ಬಲಗೈಯ ಮೇಲೆ ಇಳಿಯಿತು. ಇವನು ಕೈ ಹಿಂದಕ್ಕೆ ಎಳೆದುಕೊಂಡ. ನಡುಬೆರಳು ಮತ್ತು ಉಂಗುರಬೆರಳಿನ ತುದಿಗಳು ಕಿತ್ತುಹೋದವು. ಅವನು ಎಡಚ. ಎಂದರೆ ಗಿಟಾರಿನ ಮೆಟ್ಟುಗಳ ಮೇಲೆ ತಂತಿ ಒತ್ತುವ ಕೈ ಬಲಗೈ. ಹೋದದ್ದು ಅದರ ಬೆರಳುಗಳೇ.

ಇಲ್ಲಿ ನನ್ನ ಮನೆಯ ಮಾತೊಂದನ್ನು ಹೇಳದೆ ಮುಂದೆ ಹೋಗಲಾರೆ. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ನಮ್ಮ ಅಪ್ಪ ಠಾಣೆ ಕಡೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಪವರ್ ಪ್ರೆಸ್ ನಡೆಸುತ್ತಿದ್ದರು. ಯಾವುದು ಎಂಬುದು ಬೇಡ, ಅಂಥವು ಅಲ್ಲಿ ಬೇಕಾದಷ್ಟಿವೆ. ಅಪ್ಪನದೂ ಬಲಗೈ, ಅವೇ ಎರಡು ಬೆರಳು. ಅಪ್ಪ ನಮ್ಮ ಚಾಳಿನ ಭಜನಾ ಮಂಡಳಿಯಲ್ಲಿ ಪೇಟಿ ನುಡಿಸುತ್ತಿದ್ದರು. ಗದಗಿನ ಕಡೆಯಿಂದ ಬರುವಾಗ ಟ್ರಂಕಿನ ಜೊತೆ ತಂದದ್ದು ಆ ಪೇಟಿಯೊಂದೇ ಎಂದು ಅವ್ವ ಈಗಲೂ ಹೇಳುತ್ತಾಳೆ. ಆ ದಿನದಿಂದ ಪೇಟಿ ಹಳೆಯ ಧೋತರ ಸುತ್ತಿಕೊಂಡು ಮಂಚದ ಕೆಳಗೆ ಸೇರಿತು. ಅಪ್ಪ ಅದರ ಮಾತೇ ಎತ್ತಲಿಲ್ಲ. ನಾವೂ ಎತ್ತಲಿಲ್ಲ. ಅಯೋಮಿಯ ಕತೆಯನ್ನು ಮೊದಲು ಓದಿದಾಗ ನಾನು ಸಂಗೀತದ ಆಸೆಗೆ ಓದಿದೆ ಎಂದರೆ ಸುಳ್ಳಾದೀತು.

ಡಾಕ್ಟರುಗಳು ಇನ್ನು ನುಡಿಸುವುದು ಸಾಧ್ಯವಿಲ್ಲ ಎಂದರು. ಮನೆಯಲ್ಲಿ ಮಂಕಾಗಿ ಕೂತ ಹುಡುಗನಿಗೆ ಕಾರ್ಖಾನೆಯ ಮೇಲ್ವಿಚಾರಕ ಒಂದು ಗ್ರಾಮಫೋನ್ ರೆಕಾರ್ಡು ತಂದು ಕೇಳಿಸಿದ. ಜಾಂಗೋ ರೈನ್‌ಹಾರ್ಟ್ ಎಂಬಾತನ ಗಿಟಾರು. 1928ರಲ್ಲಿ ಬಂಡಿಗೆ ಬೆಂಕಿ ಬಿದ್ದು ಅವನ ಎಡಗೈಯ ಎರಡು ಬೆರಳು ಸೊಟ್ಟಗಾಗಿ ನಿಂತುಹೋಗಿದ್ದವು. ಅವನು ಉಳಿದೆರಡರಲ್ಲೇ ಯುರೋಪನ್ನು ಬೆರಗುಗೊಳಿಸಿದವನು. ಅಯೋಮಿ ಎದ್ದು ಕೂತ. ಗಿಟಾರನ್ನು ತಿರುಗಿಸಿ ಹಿಡಿದು ಬಲಚನಾಗಿ ಹೊಸದಾಗಿ ಕಲಿಯಬಹುದಿತ್ತು. ಆ ತಾಳ್ಮೆ ಇರಲಿಲ್ಲ. ಪಾತ್ರೆ ತೊಳೆಯುವ ಸಾಬೂನು ನೀರಿನ ಪ್ಲಾಸ್ಟಿಕ್ ಬಾಟ್ಲಿಯನ್ನು ಕರಗಿಸಿ ಉಂಡೆ ಮಾಡಿದ. ಕಾದ ಸಾಲ್ಡರಿಂಗ್ ಐರನ್‌ನಿಂದ ತೂತು ಕೊರೆದು ಬೆರಳಿಗೆ ಕೂರಿಸಿದ, ಉಪ್ಪುಕಾಗದದಲ್ಲಿ ಉಜ್ಜಿ ಆಕಾರಕ್ಕೆ ತಂದ. ತಂತಿಯ ಮೇಲೆ ಪ್ಲಾಸ್ಟಿಕ್ ಜಾರುತ್ತಿತ್ತು; ಹಳೆಯ ಜಾಕೀಟಿನ ಚರ್ಮ ಕತ್ತರಿಸಿ ಅಂಟಿಸಿದ. ದರ್ಜಿಗಳು ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕುತ್ತಾರಲ್ಲ, ಹೆಚ್ಚು ಕಡಿಮೆ ಅಂಥ ಟೋಪಿ.

ಈಗ ಅಭ್ಯಾಸಿಗಳು ಗಮನಿಸಬೇಕಾದ ವಿಷಯಕ್ಕೆ ಬರುತ್ತೇನೆ. ಟೋಪಿ ಹಾಕಿದ ಬೆರಳಿಗೆ ಸ್ಪರ್ಶವಿಲ್ಲ. ತಂತಿ ಎಲ್ಲಿದೆ, ಎಷ್ಟು ಒತ್ತಿದೆ ಎಂಬುದು ಕಿವಿಯಿಂದಲೇ ತಿಳಿಯಬೇಕು. ಬಿಗಿ ತಂತಿ ನೋಯಿಸುತ್ತದೆ. ಆಗ ಗಿಟಾರಿಗೆ ತೆಳು ತಂತಿ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಅವನು ಬ್ಯಾಂಜೋ ತಂತಿ ಕಟ್ಟಿದ. ನಾಲ್ಕು ಬೆರಳು ಹರಡಿ ಹಿಡಿಯುವ ತುಂಬು ಕಾರ್ಡುಗಳು ಕಷ್ಟವಾದವು. ಹಾಗಾಗಿ ಎರಡೇ ಸ್ವರದ ಜೋಡಿ ಅವನ ಊರುಗೋಲಾಯಿತು: ಷಡ್ಜ ಮತ್ತು ಪಂಚಮ. ಪಾಶ್ಚಾತ್ಯರು ಇದನ್ನು ಪವರ್ ಕಾರ್ಡ್ ಎನ್ನುತ್ತಾರೆ. ಇದು ಬರೀ ಬಡವರ ಊಟ ಎಂದುಕೊಳ್ಳಬೇಡಿ. ಸ ಮತ್ತು ಪ ಸ್ವರಗಳ ಕಂಪನಗಳ ಅನುಪಾತ 2:3. ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ತಿರುಗಿಸಿ ನಾದ ಒಡೆಯುವಂತೆ ಮಾಡಿದಾಗ, ಈ ಎರಡು ಕಂಪನಗಳ ವ್ಯತ್ಯಾಸದಿಂದ ಇನ್ನೊಂದು ನಾದ ಹುಟ್ಟುತ್ತದೆ. ಮೂರರಲ್ಲಿ ಎರಡು ಕಳೆದರೆ ಒಂದು: ಅಂದರೆ ಆ ಷಡ್ಜಕ್ಕೂ ಒಂದು ಸ್ಥಾಯಿ ಕೆಳಗಿನ ಷಡ್ಜ. ಯಾರೂ ನುಡಿಸದ ಮಂದ್ರ ಸ್ವರ ತಾನಾಗಿ ಕೇಳುತ್ತದೆ. ಅದೇ ಒಡೆದ ನಾದದಲ್ಲಿ ಗಾಂಧಾರವನ್ನೂ ಸೇರಿಸಿದರೆ ಎಲ್ಲ ಕಲಸಿ ರಾಡಿಯಾಗುತ್ತದೆ. ಬೆರಳು ಎಟುಕದ್ದರಿಂದ ಬಿಟ್ಟ ಸ್ವರ, ಬಿಡಬೇಕಾದ ಸ್ವರವೇ ಆಗಿತ್ತು.

1971ರ ಮೂರನೆಯ ಆಲ್ಬಮ್ಮಿನ ಹಲವು ಹಾಡುಗಳಿಗೆ ಅವನು ಗಿಟಾರಿನ ಶ್ರುತಿಯನ್ನೇ ಮೂರು ಅರೆಸ್ವರ ಇಳಿಸಿದ. ಇಲ್ಲಿಯೂ ಲೆಕ್ಕ ಸರಳ. ತಂತಿಯ ಬಿಗಿತ ಕಂಪನದ ವರ್ಗಕ್ಕೆ ಅನುಗುಣ. ದಪ್ಪ ತಂತಿ ಸೆಕೆಂಡಿಗೆ 82ರ ಬದಲು 69 ಸಲ ಕಂಪಿಸಿದರೆ ಬಿಗಿತ ಸುಮಾರು ಶೇಕಡ 30ರಷ್ಟು ಇಳಿಯುತ್ತದೆ. ಬೆರಳಿಗೆ ಅಷ್ಟು ಸುಖ. ಕೇಳುವವರಿಗೆ ಮಾತ್ರ ನೆಲ ಕುಸಿದಂತೆ ಆಯಿತು. ಇವತ್ತು ಜಗತ್ತಿನ ಎಷ್ಟೋ ಡೂಮ್ ತಂಡಗಳು ಹತ್ತು ಬೆರಳೂ ನೆಟ್ಟಗಿದ್ದು ಅಷ್ಟೇ ತಗ್ಗಿಗೆ, ಅದಕ್ಕಿಂತ ತಗ್ಗಿಗೆ ಇಳಿಸಿಕೊಂಡು ನುಡಿಸುತ್ತವೆ!

ತಂಡ ಕೂಡಿದ ಬಗೆಯನ್ನು ಬೇಗ ಹೇಳಿಬಿಡುತ್ತೇನೆ. 1968ರಲ್ಲಿ ಅಯೋಮಿ ಮತ್ತು ಡ್ರಮ್ಸಿನ ಬಿಲ್ ವಾರ್ಡ್ ಹಳೆಯ ತಂಡ ಮುರಿದು ಊರಿಗೆ ಮರಳಿದ್ದರು. ಸಂಗೀತ ವಾದ್ಯಗಳ ಅಂಗಡಿಯಲ್ಲಿ ಒಂದು ಚೀಟಿ ಅಂಟಿಸಿತ್ತು: ಆಜಿ ಎಂಬ ಹಾಡುಗಾರನಿಗೆ ತಂಡ ಬೇಕು, ಸ್ವಂತ ಲೌಡ್‌ಸ್ಪೀಕರ್ ವ್ಯವಸ್ಥೆ ಇದೆ. ಆ ವ್ಯವಸ್ಥೆಯನ್ನು ಅವನ ತಂದೆ ಸಾಲ ಮಾಡಿ ಕೊಡಿಸಿದ್ದ. ಅಯೋಮಿಗೆ ಆ ಹುಡುಗ ಅದೇ ಶಾಲೆಯ ಕಿರಿಯನೆಂದು ಗೊತ್ತಿತ್ತು, ಅವನಿಗೆ ಹಾಡಲು ಬರುತ್ತದೆಂದು ನಂಬಿಕೆಯಿರಲಿಲ್ಲ. ಆದರೂ ಲೌಡ್‌ಸ್ಪೀಕರ್ ಇತ್ತಲ್ಲ! ನಾಲ್ಕನೆಯವನು ಗೀಜರ್ ಬಟ್ಲರ್. (ನಮ್ಮ ಬಚ್ಚಲುಮನೆಯ ಗೀಜರ್ ಅಲ್ಲ, ಹುಟ್ಟುಹೆಸರು ಟೆರೆನ್ಸ್.) ಅವನು ಗಿಟಾರ್ ಬಿಟ್ಟು ಬೇಸ್ ಗಿಟಾರ್ ಹಿಡಿದ. ಮೊದಲು ಆರು ಜನ ಇದ್ದರು, ಸ್ಯಾಕ್ಸೊಫೋನ್ ಕೂಡ ಇತ್ತು. ಕೊನೆಗೆ ನಾಲ್ಕೇ ಉಳಿದರು. 1968ರ ಕೊನೆಯಲ್ಲಿ ಅಯೋಮಿ ಜೆಥ್ರೊ ಟಲ್ ಎಂಬ ಹೆಸರಾಂತ ತಂಡ ಸೇರಿ ಕೆಲವೇ ವಾರಗಳಲ್ಲಿ ಮರಳಿದ. ಬರುವಾಗ ಒಂದು ಪಾಠ ತಂದ. ಅವರು ಆಫೀಸಿಗೆ ಹೋದ ಹಾಗೆ ಹೊತ್ತಿಗೆ ಸರಿಯಾಗಿ ತಾಲೀಮಿಗೆ ಕೂರುತ್ತಾರೆ, ನಾವೂ ಕೂರಬೇಕು ಎಂದು. ಅಲ್ಲಿಂದ ಬೆಳಿಗ್ಗೆ ಒಂಬತ್ತಕ್ಕೆ ತಾಲೀಮು. ಏಳದವರನ್ನು ಮನೆಗೇ ಹೋಗಿ ಗಾಡಿಯಲ್ಲಿ ಹತ್ತಿಸಿಕೊಂಡು ಬರುತ್ತಿದ್ದ. ಸ್ಫೂರ್ತಿ ಬರಲಿ ಎಂದು ಕಾಯುವ ನಮ್ಮ ಕವಿಮಿತ್ರರು ಇದನ್ನು ಎರಡು ಸಲ ಓದಲಿ.

ಆ ತಾಲೀಮಿನ ಕೋಣೆಯ ಎದುರು ಒಂದು ಸಿನಿಮಾ ಥಿಯೇಟರ್. ಭಯಾನಕ ಚಿತ್ರಕ್ಕೆ ಜನ ಸಾಲು ನಿಂತದ್ದನ್ನು ಕಂಡು ಇವರಿಗೆ ಹೊಳೆಯಿತಂತೆ: ಹೆದರಿಸಿಕೊಳ್ಳಲು ಜನ ದುಡ್ಡು ಕೊಡ್ತಾರಲ್ಲ, ಹೆದರಿಸುವ ಸಂಗೀತ ಯಾಕಿರಬಾರದು? 1963ರ ‘ಬ್ಲ್ಯಾಕ್ ಸಬಾತ್’ ಎಂಬ ಭಯಾನಕ ಚಿತ್ರದ ಹೆಸರು ಮೊದಲು ಹಾಡಿಗೆ, ಆಮೇಲೆ ತಂಡಕ್ಕೆ, ಕೊನೆಗೆ ಮೊದಲ ಆಲ್ಬಮ್ಮಿಗೂ ಬಂತು.

ಆ ಹಾಡಿನ ವಿಚಾರ ಸಾವಕಾಶವಾಗಿ ನೋಡಬೇಕು. ಬಟ್ಲರನಿಗೆ ಗುಸ್ತಾವ್ ಹೋಲ್ಸ್ಟ್ ಎಂಬ ಇಂಗ್ಲಿಷ್ ರಚನಕಾರನ ‘ಗ್ರಹಗಳು’ ಎಂಬ ವಾದ್ಯವೃಂದದ ಕೃತಿ ಇಷ್ಟ. ಅದರ ಮಂಗಳ ಗ್ರಹದ ಭಾಗವನ್ನು ಅವನು ಬೇಸಿನ ಮೇಲೆ ತಡಕಾಡುತ್ತಿದ್ದ. ಮರುದಿನ ಅಯೋಮಿ ಒಂದು ರಿಫ್ ತಂದ. ರಿಫ್ ಎಂದರೆ ನಮ್ಮ ಪಲ್ಲವಿಯಂತೆ ಮತ್ತೆ ಮತ್ತೆ ಮರಳುವ ಸಣ್ಣ ಸ್ವರಗುಚ್ಛ. ಪಲ್ಲವಿಗೆ ಸಾಹಿತ್ಯ ಬೇಕು, ರಿಫ್‌ಗೆ ಬೇಡ, ಅಷ್ಟೇ ವ್ಯತ್ಯಾಸ. ಇವರಲ್ಲಿ ರಿಫ್ ಮೊದಲು, ಹಾಡುಗಾರನ ಧಾಟಿ ಆಮೇಲೆ, ಮಾತು ಎಲ್ಲಕ್ಕಿಂತ ಕೊನೆಗೆ.

ಈ ರಿಫ್‌ನಲ್ಲಿ ಇರುವುದು ಮೂರೇ ಸ್ವರ. ಮೊದಲನೆಯದನ್ನು ಷಡ್ಜ ಎಂದಿಟ್ಟುಕೊಳ್ಳಿ. ಎರಡನೆಯದು ಅದರ ಮೇಲಿನ ಷಡ್ಜ. ಮೂರನೆಯದು ಎರಡರ ಮಧ್ಯಕ್ಕೆ ಬೀಳುವ ತೀವ್ರ ಮಧ್ಯಮ. ಕರ್ನಾಟಕ ಪದ್ಧತಿಯವರು ಪ್ರತಿ ಮಧ್ಯಮ ಎನ್ನಿ. ಷಡ್ಜದಿಂದ ಷಡ್ಜಕ್ಕೆ ಹನ್ನೆರಡು ಹೆಜ್ಜೆಯಾದರೆ ಇದು ಸರಿಯಾಗಿ ಆರನೆಯದು, ಎತ್ತಲಿಂದ ಎಣಿಸಿದರೂ ಆರೇ. ಹಳೆಯ ಪಾಶ್ಚಾತ್ಯ ಶಾಸ್ತ್ರಕಾರರು ಈ ಅಂತರವನ್ನು ‘ಸಂಗೀತದಲ್ಲಿನ ಸೈತಾನ’ ಎಂದು ಕರೆದರು. ಚರ್ಚು ಇದನ್ನು ನಿಷೇಧಿಸಿತ್ತು, ನುಡಿಸಿದವರನ್ನು ಶಿಕ್ಷಿಸುತ್ತಿತ್ತು ಎಂಬ ಕತೆಯೂ ಹಬ್ಬಿದೆ. ಅದಕ್ಕೆ ಆಧಾರವಿಲ್ಲ, ನಂಬಬೇಡಿ.

ಆದರೆ ಸ್ವಲ್ಪ ಯೋಚಿಸಿ: ಅದೇ ತೀವ್ರ ಮಧ್ಯಮ ನಮ್ಮ ಯಮನ್ ರಾಗದಲ್ಲಿ ಇದೆ, ಕಲ್ಯಾಣಿಯಲ್ಲಿ ಇದೆ. ಸಂಜೆಯ ದೀಪ ಹಚ್ಚಿದ ಹಾಗೆ ಇರುತ್ತದೆ, ಯಾರೂ ಹೆದರುವುದಿಲ್ಲ. ಹಾಗಾದರೆ ಭಯ ಸ್ವರದಲ್ಲಿ ಇಲ್ಲ ಎಂದಾಯಿತು. ಯಮನ್‌ನಲ್ಲಿ ಆ ಸ್ವರಕ್ಕೆ ಅಕ್ಕಪಕ್ಕ ಗಾಂಧಾರ ಪಂಚಮಗಳಿವೆ, ಬೆನ್ನಿಗೆ ತಂಬೂರಿ ಇದೆ. ಅದು ಮನೆತುಂಬ ಜನರಿರುವ ಸೊಸೆ. ಇಲ್ಲಿ ಅದನ್ನು ಒಂಟಿಯಾಗಿ ತಂದು, ಅಕ್ಕಪಕ್ಕದ ಮನೆಗಳನ್ನೆಲ್ಲ ಖಾಲಿ ಮಾಡಿಸಿ, ನಡುಗುವಂತೆ ಹಿಡಿದು ನಿಲ್ಲಿಸಿದ್ದಾರೆ. ಲಯವೂ ಅಷ್ಟೇ. ವಿಳಂಬ ಖಯಾಲಿನಲ್ಲಿ ತಬಲೆಯವರು ಎಣಿಕೆಗಳ ನಡುವಿನ ಖಾಲಿಯನ್ನು ತುಂಬುತ್ತ ಹೋಗುತ್ತಾರೆ. ಬಿಲ್ ವಾರ್ಡ್ ಈ ಹಾಡಿನಲ್ಲಿ ಆ ಖಾಲಿಯನ್ನು ಎಷ್ಟೋ ಕಡೆ ಹಾಗೇ ಬಿಡುತ್ತಾನೆ, ಬಾಗಿಲು ತೆರೆದಿಟ್ಟ ಹಾಗೆ. ಏನು ಬರುತ್ತದೋ ಎಂದು ಕೇಳುವವನು ಕಾಯಬೇಕು.

ಮಾತು ಬಂದದ್ದು ಬಟ್ಲರ್ ಹೇಳಿದ ಅನುಭವದಿಂದ. ಆಗ ಅವನು ತನ್ನ ಕೋಣೆಗೆ ಕಪ್ಪು ಬಣ್ಣ ಬಳಿದು ಮಾಟ-ಮಂತ್ರದ ಪುಸ್ತಕ ಓದುತ್ತಿದ್ದ. ಒಂದು ರಾತ್ರಿ ಎಚ್ಚರವಾದಾಗ ಹಾಸಿಗೆಯ ಕಾಲ ಬಳಿ ಕಪ್ಪು ಆಕೃತಿ ನಿಂತಿತ್ತಂತೆ. ಅದನ್ನು ನಂಬುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ನನಗೆ ಮುಖ್ಯವಾಗಿ ಕಂಡದ್ದು, ಹೆದರಿದವನೇ ಹೆದರಿದ್ದನ್ನು ಹೇಳಿದ ಎಂಬುದು. ಹಾಡಿನಲ್ಲಿ ಮಾತನಾಡುವವನು ಸೈತಾನನ ಭಕ್ತನಲ್ಲ, ಓಡಿಹೋಗಲು ದಾರಿ ಹುಡುಕುವ ಪಾಪದ ಮನುಷ್ಯ.

ಧ್ವನಿಮುದ್ರಣಕ್ಕೆ ಬರೋಣ. 1969ರ ಅಕ್ಟೋಬರ್ 16, ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೊ. ಒಂದೇ ದಿನ, ಸುಮಾರು ಹನ್ನೆರಡು ಗಂಟೆ. ನಾಲ್ಕು ಟ್ರ್ಯಾಕಿನ ಯಂತ್ರ. ಇಂದು ನಮ್ಮ ಕಿಸೆಯ ಫೋನಿಗೂ ಅದಕ್ಕಿಂತ ಹೆಚ್ಚು ಸಾಧ್ಯ. ನಿರ್ಮಾಪಕ ರಾಜರ್ ಬೇನ್ ಬುದ್ಧಿವಂತ, ಹೆಚ್ಚು ಕೈಹಾಕಲಿಲ್ಲ. ವೇದಿಕೆಯ ಮೇಲೆ ನುಡಿಸುವಂತೆಯೇ ಎಲ್ಲರೂ ಕೂಡಿ ನುಡಿಸಿದರು. ಹಾಡುಗಾರನನ್ನು ಮಾತ್ರ ಬೇರೆ ಗೂಡಿನಲ್ಲಿ ನಿಲ್ಲಿಸಿದರು. ಹೆಚ್ಚಿನವು ಮೊದಲ ಅಥವಾ ಎರಡನೆಯ ಸಲಕ್ಕೇ ಮುಗಿದವು. ಮೊದಲ ಹಾಡಿಗೇ ಅಯೋಮಿಯ ಬಿಳಿ ಗಿಟಾರು ಕೈಕೊಟ್ಟಿತು. ಪಕ್ಕದಲ್ಲಿದ್ದ ಇನ್ನೊಂದು, ಗಿಬ್ಸನ್ ಎಸ್‌ಜಿ, ಎತ್ತಿಕೊಂಡ. ಮುಂದೆ ಅದೇ ಅವನ ಗುರುತಾಯಿತು. ಒಂದು ದಿನ ಎಂದರೆ ಬಹಳ ಹೊತ್ತಾಯಿತಲ್ಲ ಎಂದೇ ಅವರಿಗೆ ಅನ್ನಿಸಿತ್ತಂತೆ!

ಇದರ ಗುಟ್ಟು ಸ್ಟುಡಿಯೊದಲ್ಲಿ ಇಲ್ಲ. ಆ ವರ್ಷವೆಲ್ಲ ಅವರು ಊರೂರು ಅಲೆದು, ಜರ್ಮನಿಯ ಹ್ಯಾಂಬರ್ಗಿನ ಕ್ಲಬ್ಬಿನಲ್ಲಿ ದಿನಕ್ಕೆ ಹಲವು ಸಲ ನುಡಿಸಿ, ಆ ಹಾಡುಗಳನ್ನು ಮೈಗೂಡಿಸಿಕೊಂಡಿದ್ದರು. ಮುದ್ರಣಕ್ಕೆ ಹೋದಾಗ ಕಟ್ಟುವುದೇನೂ ಬಾಕಿ ಇರಲಿಲ್ಲ. ಹಾಡಿನ ಆರಂಭದಲ್ಲಿ ಕೇಳುವ ಮಳೆ, ಗುಡುಗು, ಚರ್ಚಿನ ಗಂಟೆಗಳನ್ನು ಆಮೇಲೆ ಸೇರಿಸಿದರು. ಆಲ್ಬಮ್ 1970ರ ಫೆಬ್ರವರಿ 13ರಂದು ಹೊರಬಂತು. ಅಂದು ಬೇಕೆಂದೇ ಶುಕ್ರವಾರ. ವಿಮರ್ಶಕರು ಮೂಗು ಮುರಿದರು. ಜನ ಕೊಂಡರು, ಬ್ರಿಟನ್ನಿನ ಪಟ್ಟಿಯಲ್ಲಿ ಎಂಟನೆಯ ಸ್ಥಾನಕ್ಕೆ ಏರಿತು.

ಈ ನಿಧಾನದ ನಾದ ನಮ್ಮ ಕಡೆಗೂ ಬಂದಿದೆ. ಬೆಂಗಳೂರಿನ ಒಂದು ತಂಡ 2012ರಲ್ಲಿ ತನ್ನ ಮೊದಲ ಆಲ್ಬಮ್ ತಂದಿತು. ತಂಡದ ಹೆಸರನ್ನು ಇಂಗ್ಲಿಷಿನಲ್ಲಿ ‘ಬೇವಾರ್’, ‘ಸೀ’ ಎಂದು ಬಿಡಿಸಿ ಬರೆಯುತ್ತಾರೆ. ಕೂಡಿಸಿ ಓದಿ ನೋಡಿ, ಆದರೆ ಹಿರಿಯರ ಮುಂದೆ ಬೇಡ.

ಹೋದ ವರ್ಷ ನಾವು ನಾಲ್ವರೂ ಗಂಟೆಯ ಬಾಡಿಗೆಯ ಕೋಣೆ ಹಿಡಿದು ಇಂಥದನ್ನು ಯತ್ನಿಸಿದೆವು. ನಾನು ಬೇಸ್. ಬೇಗ ನುಡಿಸುವುದು ಎಲ್ಲರಿಗೂ ಬರುತ್ತಿತ್ತು. ನಿಧಾನಕ್ಕೆ ಇಳಿದಾಗ ನಮ್ಮ ಹುಳುಕು ಹೊರಬಿತ್ತು. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ನಾಲ್ವರ ನಾಲ್ಕು ಕಾಲ. ಲೋಕಲ್ ಹಿಡಿಯುವ ಊರಿನವರಿಗೆ ಕಾಯುವುದು ಗೊತ್ತಿಲ್ಲ ಎಂದು ನಮ್ಮ ಡ್ರಮ್ಮರ್ ಅಂದ. ಮೂರು ತಿಂಗಳಿಗೆ ತಂಡ ಚದುರಿತು. ಉಳಿದದ್ದು ಫೋನಿನಲ್ಲಿ ಹಿಡಿದಿಟ್ಟ ಹನ್ನೊಂದು ನಿಮಿಷ, ಅದರಲ್ಲೂ ನಾಲ್ಕು ನಿಮಿಷ ಜಗಳ.

ಆ ನಾಲ್ವರು ಮಾತ್ರ 2025ರ ಜುಲೈ 5ರಂದು ತಮ್ಮ ಅದೇ ಆಸ್ಟನ್ನಿನ ಫುಟ್‌ಬಾಲ್ ಮೈದಾನದಲ್ಲಿ ಕೊನೆಯ ಸಲ ಕೂಡಿ ನುಡಿಸಿದರು. ಆಜಿ ಆಸ್ಬರ್ನ್ ಕೂತೇ ಹಾಡಿದ. ಅದೇ ತಿಂಗಳ 22ರಂದು ತೀರಿಕೊಂಡ. ಅಂದೂ ಅಯೋಮಿಯ ಬೆರಳಿಗೆ ಟೋಪಿಗಳಿದ್ದವು.

ಆ ಸುದ್ದಿ ಬಂದ ವಾರ ನಾನು ಅಪ್ಪನಿಗೆ ಆ ಹಾಡನ್ನು ಕೇಳಿಸಿದೆ. “ಅಪ್ಪಾ, ಇದನ್ನ ಕೇಳ್ರಿ” ಎಂದು ಫೋನನ್ನು ಮಂಚದ ಮೇಲಿಟ್ಟೆ. ಮಳೆಯ ಸದ್ದು ಬಂದಾಗ ಕಿಟಕಿ ನೋಡಿದರು. ಆಮೇಲೆ ಕಣ್ಣು ಮುಚ್ಚಿದರು. ಎರಡು ಮೂರು ಆವರ್ತ ಆದ ಮೇಲೆ ಹೇಳಿದರು: “ತೀವ್ರ ಮಧ್ಯಮ ಐತಿ. ಪಂಚಮದ ಬಾಗಲಾ ಬಡದು ಬಡದು ಹಿಂದ ಬರ್ತಾನ ನೋಡು. ಒಳಗ ಹೋಗೂದಿಲ್ಲ.”

ನಾನು ಎಷ್ಟು ಸಲ ಕೇಳಿದ್ದೆನೋ, ಇದು ಹೊಳೆದಿರಲಿಲ್ಲ. ಆ ಮೂರನೆಯ ಸ್ವರ ನಡುಗುತ್ತದೆ ಎಂದಷ್ಟೇ ನಾನು ತಿಳಿದಿದ್ದೆ. ಅದು ನಡುಗುವುದು ಪಂಚಮವನ್ನು ಮುಟ್ಟಿ ಮುಟ್ಟಿ.

ಆಮೇಲೆ ಬೆರಳಿನ ಕತೆ ಹೇಳಿದೆ. ಪ್ರೆಸ್ಸಿನ ಮಾತು ಬಂದಾಗ ತಮ್ಮ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡರು. ಪೂರಾ ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾವ ಬಾಟ್ಲಿ ಅಂದಿ?” ಎಂದರು.

“ಭಾಂಡಿ ತಿಕ್ಕೂ ಸಾಬೂನಿಂದು.”

ಅಪ್ಪ ಅಡುಗೆಮನೆಯ ಕಡೆ ನೋಡಿದರು. ಒಳಗಿನಿಂದ ಅವ್ವ, “ಅದಿನ್ನಾ ಅರ್ಧಾ ಐತಿ, ಮುಟ್ಟಬ್ಯಾಡ್ರಿ” ಎಂದಳು.